ಅಣ್ಣ ಕೇಳಿದ ಮೂರು ಪ್ರಶ್ನೆ

ಕಳೆದ ತಿಂಗಳು ಒಂದು ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದೆ. ಅಟ್ಟದ ಕೋಣೆಯಿಂದ ಟಕ್, ಟಕ್, ಟಕಟಕ ಎಂದು ಸದ್ದು ಬರುತ್ತಿತ್ತು. ಹಾನಗಲ್ಲಿನ ನಮ್ಮ ಮನೆ ಹಳೆಯದು, ಇಲಿ ಇರಬೇಕು ಎಂದುಕೊಂಡೆ. ಆದರೆ ಇಲಿ ಲಯ ಹಿಡಿದು ಕಡಿಯುವುದಿಲ್ಲವಲ್ಲ! ಬ್ಯಾಂಕಿನಲ್ಲಿ ಮೊದಲ ಹತ್ತು ವರ್ಷ ಟೈಪ್‌ರೈಟರ್ ಪಕ್ಕ ಕುಳಿತವನು ನಾನು. ಇದು ಬೆರಳಿನ ಸದ್ದು ಎಂದು ಗೊತ್ತಾಯಿತು. ಮೆಟ್ಟಿಲು ಹತ್ತಿ ನೋಡಿದರೆ ಹುಬ್ಬಳ್ಳಿಯಿಂದ ರಜೆಗೆ ಬಂದ ಮೊಮ್ಮಗ ಕತ್ತಲಲ್ಲಿ ಕುಳಿತಿದ್ದಾನೆ. ತೊಡೆಯ ಮೇಲೆ ನಮ್ಮ ಹಳೆಯ ಮಸಾಲೆ ಡಬ್ಬಿಯಷ್ಟಗಲದ ಪೆಟ್ಟಿಗೆ, ಅದರಲ್ಲೊಂದು ಹಿಡಿಕೆ, ಎಂಟು ಗುಂಡಿ. ಪರದೆಯ ಮೇಲೆ ಇಬ್ಬರು ಹೊಡೆದಾಡುತ್ತಿದ್ದಾರೆ.

‘ಏನೋ ಇದು, ಇಷ್ಟ ಹೊತ್ತಿನ್ಯಾಗ?’

‘ಟೆಕ್ಕನ್ ಅಜ್ಜಾ. ಪ್ರ್ಯಾಕ್ಟೀಸ್ ಮಾಡಾಕತ್ತೀನಿ. ಇದೂ ಕುಸ್ತೀನ.’

ಕೊನೆಯ ಮಾತು ಅವನು ಆಡಬಾರದಾಗಿತ್ತು. ಉಳಿದದ್ದೆಲ್ಲ ನಾನು ಸಹಿಸುತ್ತಿದ್ದೆ. ‘ಕುಸ್ತಿ ಅಂದ್ರ ಏನಂತ ಗೊತ್ತೈತೇನಲೇ ನಿನಗ?’ ಎಂದು ರೇಗಿ ಕೆಳಗಿಳಿದುಬಿಟ್ಟೆ. ನೀರು ಕುಡಿಯುವುದು ಮರೆತೇ ಹೋಯಿತು.

ಸಿಟ್ಟಿಗೆ ಕಾರಣ ಎರಡು. ಮೊದಲನೆಯದು, ಆ ವಾರವೇ ಅವನ ದ್ವಿತೀಯ ಪಿಯು ಫಲಿತಾಂಶ ಬಂದು ಲೆಕ್ಕಶಾಸ್ತ್ರದಲ್ಲಿ ಫೇಲಾಗಿದ್ದ. ಬಿ.ಕಾಂ. ಓದಿ ಮೂವತ್ತಾರು ವರ್ಷ ಬ್ಯಾಂಕಿನ ಲೆಡ್ಜರ್ ಬರೆದವನ ಮೊಮ್ಮಗ ಲೆಕ್ಕಶಾಸ್ತ್ರದಲ್ಲಿ ಫೇಲು! ಮಗ ಫೋನು ಮಾಡಿ, ‘ಅಪ್ಪಾ, ಆ ಪೆಟ್ಟಿಗಿ ಕಸಗೊಂಡು ಎಲ್ಲಿಯಾದ್ರೂ ಒಗದ್ಬಿಡು. ನಿನ್ನ ಮಾತು ಕೇಳ್ತಾನ’ ಎಂದು ಕೆಲಸ ವಹಿಸಿದ್ದ. ಎರಡನೆಯ ಕಾರಣ ನನ್ನ ಅಣ್ಣ.

ಅಣ್ಣನಿಗೆ ಈಗ ಎಂಬತ್ತು ದಾಟಿದೆ. ಅದೇ ಮನೆಯ ಪಡಸಾಲೆಯಲ್ಲಿ, ಎಡಗಾಲು ಚಾಚಿ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಒಂದು ಕಾಲದಲ್ಲಿ ಅವನು ಪೈಲ್ವಾನ. ನಾನು ಕನ್ನಡ ಶಾಲೆಯಲ್ಲಿದ್ದಾಗ ಅವನು ಬೆಳಗಿನ ನಾಲ್ಕಕ್ಕೆ ಎದ್ದು ಗರಡಿ ಮನೆಗೆ ಹೋಗುತ್ತಿದ್ದ. ನಾನು ಲಾಟೀನು ಹಿಡಿದು ಹಿಂದೆ. ಗರಡಿಯ ಬಾಗಿಲು ಗಿಡ್ಡ, ಎಂಥ ಪೈಲ್ವಾನನೂ ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಒಳಗೆ ಹನುಮಂತದೇವರ ಚಿತ್ರ, ಮೂಲೆಯಲ್ಲಿ ಗದೆ, ಕಲ್ಲಿನ ಗುಂಡು, ನಡುವೆ ಕೆಂಪು ಮಣ್ಣಿನ ಹೊಂಡ. ಆ ಮಣ್ಣಿಗೆ ಎಣ್ಣೆ, ಅರಿಷಿಣ, ಮಜ್ಜಿಗೆ, ನಿಂಬೆರಸ ಹಾಕಿ ಹದ ಮಾಡುತ್ತಿದ್ದರು. ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಮೊದಲು ಮಣ್ಣು ಅಗೆಯುವುದು, ಅದೇ ಅರ್ಧ ವ್ಯಾಯಾಮ. ಆಮೇಲೆ ದಂಡ, ಬಸ್ಕಿ. ಆಮೇಲೆ ಜೋಡಿ. ವಸ್ತಾದರು ಮೂಲೆಯಲ್ಲಿ ಬೆತ್ತ ಹಿಡಿದು ನಿಲ್ಲುತ್ತಿದ್ದರು. ಬಾಯಿ ಮಾತು ಕಡಿಮೆ, ಬೆತ್ತದ ತುದಿಯೇ ಮಾತು.

ಗರಡಿಯಲ್ಲಿ ಇರುವಷ್ಟು ಹೊತ್ತು ಮಾತ್ರ ಪೈಲ್ವಾನಿಕೆಯಲ್ಲ. ಏನು ತಿನ್ನಬೇಕು, ಎಷ್ಟು ಹೊತ್ತಿಗೆ ಮಲಗಬೇಕು, ಯಾರ ಜೊತೆ ತಿರುಗಬಾರದು, ಎಲ್ಲಕ್ಕೂ ಕಟ್ಟಳೆ. ಮನೆಯ ಎರಡು ಎಮ್ಮೆಯ ಹಾಲು ಅಣ್ಣನಿಗೆ. ನಮಗೆ ಉಳಿದವರಿಗೆ ಮಜ್ಜಿಗೆ. ಬಾದಾಮಿ ಅರೆಯುವುದು ನನ್ನ ಕೆಲಸ, ನೆಕ್ಕಲಿಕ್ಕೆ ಒಳಕಲ್ಲು ಮಾತ್ರ ಸಿಗುತ್ತಿತ್ತು. ಅಪ್ಪ ಭತ್ತ ಮಾರಿದ ದುಡ್ಡಿನಲ್ಲಿ ಅಣ್ಣನ ಖುರಾಕಿನ ಲೆಕ್ಕ ಬೇರೆ ಬರೆದಿಡುತ್ತಿದ್ದ. ನಾನು ಓದಿದ ಮೊದಲ ಖಾತೆ ಪುಸ್ತಕ ಅದೇ.

ಜಾತ್ರೆ ಬಂತೆಂದರೆ ಸವಣೂರು, ಶಿಗ್ಗಾಂವಿ, ಹಿರೇಕೆರೂರು, ಎಲ್ಲ ಕಡೆ ಬಯಲು ಕುಸ್ತಿ. ಹಲಗೆ ಬಡಿಯುತ್ತಾ ಪೈಲ್ವಾನರನ್ನು ಮೆರೆಸುತ್ತಾ ಕಣಕ್ಕೆ ತರುವುದು. ಗೆದ್ದವನಿಗೆ ಪಟಕಾ, ದೊಡ್ಡ ಜೋಡಿಯಾದರೆ ಬೆಳ್ಳಿ ಕಡಗ. ಅಣ್ಣನಿಗೆ ಮೂರು ಕಡಗ ಬಂದಿದ್ದವು. ಸುತ್ತಲಿನ ಊರಿನಲ್ಲಿ ಪೈಲ್ವಾನನ ತಮ್ಮ ಅಂದರೆ ನನಗೂ ಚಹಾದ ದುಡ್ಡು ಕೇಳುತ್ತಿರಲಿಲ್ಲ.

1971ರಲ್ಲಿ, ನಾನು ಹುಬ್ಬಳ್ಳಿಯಲ್ಲಿ ಬಿ.ಕಾಂ. ಓದುತ್ತಿದ್ದಾಗ, ಹಿರೇಕೆರೂರು ಕಡೆಯ ಒಂದು ಹಳ್ಳಿಯ ಜಾತ್ರೆಯಲ್ಲಿ ಅವನ ಎಡ ಮೊಣಕಾಲು ತಿರುಗಿತು. ನಾಟಿ ಕಟ್ಟು ಕಟ್ಟಿಸಿದರು. ಕೂಡಿಕೊಂಡಿತು, ಆದರೆ ಸೊಟ್ಟ ಕೂಡಿತು. ಇಪ್ಪತ್ತಾರು ವರ್ಷಕ್ಕೆ ಕುಸ್ತಿ ಮುಗಿಯಿತು. ಬೇರೆ ಏನೂ ಕಲಿತಿರಲಿಲ್ಲ. ಎರಡು ವರ್ಷದಲ್ಲಿ ಮೂರೂ ಕಡಗ ಒಂದೊಂದಾಗಿ ಹೋದವು. ಆಮೇಲೆ ಹೊಲ, ಎತ್ತು, ಒಂದು ಕುಂಟುಗಾಲು. ‘ಮನಿಗೆ ಒಬ್ಬ ಪೈಲ್ವಾನ ಸಾಕು’ ಎಂದು ಅಪ್ಪ ನನ್ನನ್ನು ಗರಡಿಯ ಹೊಸ್ತಿಲು ಹತ್ತಗೊಡಲಿಲ್ಲ. ನಾನು 1974ರಲ್ಲಿ ಬ್ಯಾಂಕು ಸೇರಿದೆ. ಹೀಗಾಗಿ ‘ಇದೂ ಕುಸ್ತೀನ’ ಎಂದು ಯಾರಾದರೂ ಹಗುರವಾಗಿ ಅಂದರೆ ನನಗೆ ತಡೆಯುವುದಿಲ್ಲ.

ಆದರೂ ಬೆಳಗಾದ ಮೇಲೆ ಯೋಚಿಸಿದೆ. ಲೆಡ್ಜರ್ ನೋಡದೆ ತಪ್ಪು ಹಿಡಿಯುವುದು ನನ್ನ ಪದ್ಧತಿಯಲ್ಲ. ‘ನಿನ್ನ ಆಟ ತೋರಿಸು’ ಎಂದೆ. ಎಂಟು ದಿನ ಅವನ ಪಕ್ಕ ಕುಳಿತೆ.

ಮೊದಲು ಒಂದು ನೆನಪು ಬಂತು. 1994-95ರ ಸುಮಾರಿಗೆ ನಾನು ಶಿಗ್ಗಾಂವಿಯಲ್ಲಿದ್ದಾಗ ಹೆದ್ದಾರಿ ಬದಿಯ ಅಂಗಡಿಯವನೊಬ್ಬ ಸೋಮವಾರ ಸೋಮವಾರ ಒಂದು ರೂಪಾಯಿ ನಾಣ್ಯಗಳ ಚೀಲ ತರುತ್ತಿದ್ದ. ಎಣಿಸಿ ಎಣಿಸಿ ಬೆರಳು ಕಪ್ಪಾಗುತ್ತಿತ್ತು. ‘ಏನ್ರೀ ನಿಮ್ಮ ವ್ಯಾಪಾರ?’ ಎಂದರೆ ‘ವಿಡಿಯೊ ಗೇಮ್ ಮಷೀನ್ ಸಾಹೇಬ್ರ’ ಎನ್ನುತ್ತಿದ್ದ. ಒಂದು ಸಂಜೆ ಇಣುಕಿ ನೋಡಿದ್ದೆ. ಕಪಾಟಿನಂಥ ಮಷೀನಿನ ಮುಂದೆ ಇಬ್ಬರು ಹುಡುಗರು, ಹಿಂದೆ ಹತ್ತು ಮಂದಿ. ಸೋತವನು ಎದ್ದು ಹೋಗಬೇಕು, ಗೆದ್ದವನು ನಿಂತೇ ಇರುತ್ತಾನೆ, ಮುಂದಿನವನು ನಾಣ್ಯ ಹಾಕಿ ಸವಾಲು ಹಾಕಬೇಕು. ಚೀಲದ ತೂಕ ನೋಡಿ ‘ಇಷ್ಟು ಹುಡುಗರು ಕೆಟ್ಟರು’ ಎಂದು ಮನಸ್ಸಿನಲ್ಲೇ ಖರ್ಚು ಬರೆದುಕೊಂಡಿದ್ದೆ. ಆ ಆಟದ ಹೆಸರು ಸ್ಟ್ರೀಟ್ ಫೈಟರ್-2 ಎಂದು ಈಗ ಮೊಮ್ಮಗನಿಂದ ತಿಳಿಯಿತು. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1991ರಲ್ಲಿ ತಂದದ್ದು. ಇಂಥ ಎಲ್ಲ ಆಟಗಳ ಅಜ್ಜ ಅದು ಎನ್ನಬಹುದು. ಒಂದೇಟಿನ ಬೆನ್ನಿಗೇ ಇನ್ನೊಂದೇಟು ಪೋಣಿಸುವ ‘ಕಾಂಬೊ’ ಎಂಬುದನ್ನು ಮಾಡಿದವರೂ ಉದ್ದೇಶಪೂರ್ವಕವಾಗಿ ಇಟ್ಟಿರಲಿಲ್ಲವಂತೆ. ತಯಾರಿಯಲ್ಲಿ ತಾನಾಗಿ ಹುಟ್ಟಿದ ಒಂದು ವಿಚಿತ್ರ ಅದು. ಯಾರಿಗೂ ಅಷ್ಟು ಕರಾರುವಾಕ್ಕಾಗಿ ಗುಂಡಿ ಒತ್ತಲು ಬರಲಿಕ್ಕಿಲ್ಲ ಎಂದು ಹಾಗೇ ಬಿಟ್ಟರು. ಜಗತ್ತಿನ ಹುಡುಗರೆಲ್ಲ ಅದನ್ನೇ ಕಲಿತರು.

ಇನ್ನು ಮೊಮ್ಮಗನ ಟೆಕ್ಕನ್. ಮೊದಲ ಟೆಕ್ಕನ್ 1994ರದು, ಈಗಿನ ಎಂಟನೆಯದು 2024ರ ಜನವರಿಯಲ್ಲಿ ಬಂದದ್ದು. ಮೂರನೆಯ ದಿನ ಅವನು ಒಂದು ನೋಟ್‌ಬುಕ್ ತೆಗೆದ. ನೋಡಿ ನನ್ನ ಕನ್ನಡಕವೇ ಜಾರಿತು. ಗೆರೆ ಹೊಡೆದು ಕಾಲಂ ಮಾಡಿದ್ದಾನೆ! ಎಡಕ್ಕೆ ಪಟ್ಟಿನ ಹೆಸರು, ನಡುವೆ ಅಂಕಿ, ಬಲಕ್ಕೆ ಪ್ಲಸ್ಸು ಮೈನಸ್ಸು. ಪರದೆಯ ಮೇಲೆ ಚಿತ್ರ ಸೆಕೆಂಡಿಗೆ 60 ಬಾರಿ ಬದಲಾಗುತ್ತದೆ. ಒಂದೊಂದನ್ನು ‘ಫ್ರೇಮ್’ ಎನ್ನುತ್ತಾರೆ. ಪ್ರತಿ ಏಟಿಗೂ ಕೈ ಎತ್ತಲು ಇಷ್ಟು ಫ್ರೇಮ್, ತಾಗಿಸಲು ಇಷ್ಟು, ಕೈ ಹಿಂದಕ್ಕೆಳೆದುಕೊಳ್ಳಲು ಇಷ್ಟು ಎಂದು ನಿಗದಿ. ದೊಡ್ಡ ಏಟು ಹಾಕಿದೆ, ಎದುರಾಳಿ ತಡೆದ ಅನ್ನಿ. ಆಗ ನೀನು 10 ಫ್ರೇಮ್ ಸಾಲದಲ್ಲಿದ್ದೀಯ. ಅವನ ಅತಿ ಚುರುಕಾದ ಗುದ್ದು 10 ಫ್ರೇಮಿನದು. ಸಾಲ ಅಲ್ಲೇ ವಸೂಲಿ, ನೀನು ಏನೂ ಮಾಡುವ ಹಾಗಿಲ್ಲ. ಹತ್ತು ಫ್ರೇಮ್ ಎಂದರೆ ಸೆಕೆಂಡಿನ ಆರರಲ್ಲೊಂದು ಪಾಲು. ಮನುಷ್ಯ ಕಣ್ಣಿಂದ ನೋಡಿ ಬೆರಳು ಆಡಿಸಲು ಸುಮಾರು ಕಾಲು ಸೆಕೆಂಡು ಬೇಕು. ಅಂದರೆ ಆ ಗುದ್ದನ್ನು ನೋಡಿ ತಡೆಯಲಾಗುವುದಿಲ್ಲ. ಎದುರಿನವನ ಮನಸ್ಸು ಓದಿ ಮೊದಲೇ ತಡೆದಿರಬೇಕು.

‘ಲೇ, ಇದು ಜಮಾ-ಖರ್ಚು!’ ಎಂದೆ. ‘ಇಷ್ಟು ಚಂದ ಬರದವ ಲೆಕ್ಕಶಾಸ್ತ್ರದಾಗ ಹೆಂಗ ಫೇಲಾದಿ?’

‘ಅದು ಬ್ಯಾಸರ ಅಜ್ಜಾ’ ಎಂದ. ಉತ್ತರ ಪ್ರಾಮಾಣಿಕವಾಗಿತ್ತು, ಏನು ಹೇಳುವುದು?

ಅವನು ತೋರಿಸಿದ ಒಂದು ಹಳೆಯ ಪಂದ್ಯದ ಬಗ್ಗೆ ಹೇಳಲೇಬೇಕು. ಅಮೆರಿಕದಲ್ಲಿ ‘ಇವೊ’ ಎಂಬ ವಾರ್ಷಿಕ ಪಂದ್ಯಾವಳಿ ನಡೆಯುತ್ತದೆ. 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಗೆಳೆಯರ ಕೂಟವಾಗಿ ಶುರುವಾದದ್ದು ಈಗ ಇವರ ಪಾಲಿನ ದೊಡ್ಡ ಜಾತ್ರೆ. 2004ರ ಇವೊದಲ್ಲಿ ಜಪಾನಿನ ಡೈಗೊ ಉಮೆಹಾರಾ, ಅಮೆರಿಕದ ಜಸ್ಟಿನ್ ವಾಂಗ್ ಎದುರಾದರು. ಡೈಗೊನ ಆಟಗಾರನಿಗೆ ಕೂದಲೆಳೆಯಷ್ಟು ಜೀವ ಉಳಿದಿದೆ. ಏಟನ್ನು ಸಾಮಾನ್ಯವಾಗಿ ತಡೆದರೂ ಚೂರು ಜೀವ ಹೋಗುವ ಆಟ ಅದು, ಆದ್ದರಿಂದ ತಡೆದರೂ ಸಾವೇ. ಜಸ್ಟಿನ್ ಹದಿನೈದು ಒದೆಗಳ ಮಳೆ ಸುರಿಸಿದ. ಡೈಗೊ ಓಡಲಿಲ್ಲ. ಪ್ರತಿ ಒದೆ ತಾಗುವ ಕ್ಷಣಕ್ಕೆ ಸರಿಯಾಗಿ ಹಿಡಿಕೆಯನ್ನು ಎದುರಾಳಿಯ ಕಡೆಗೇ ತಳ್ಳಿದ. ಹಾಗೆ ತಳ್ಳಿದರೆ ಏಟು ತಾಗುವುದಿಲ್ಲ, ಒಂದು ಚಿಟಿಕೆ ಹೆಚ್ಚುಕಮ್ಮಿಯಾದರೆ ಮುಗಿಯಿತು. ಹದಿನೈದನ್ನೂ ಹಾಗೇ ಸರಿಸಿ, ತಿರುಗಿ ಹೊಡೆದು ಗೆದ್ದ. ನೆರೆದ ಜನ ಎದ್ದು ನಿಂತು ಕೂಗಿದ್ದು ನಮ್ಮ ಜಾತ್ರೆಯ ಕೂಗೇ. ನನ್ನ ಮೈಮೇಲೂ ಕೂದಲು ಎದ್ದವು, ಸುಳ್ಳು ಹೇಳುವುದಿಲ್ಲ. (ಅದೇ ಡೈಗೊ ಅಂದಿನ ಫೈನಲ್‌ನಲ್ಲಿ ಸೋತ. ಅದನ್ನು ಯಾರೂ ನೆನಪಿಡುವುದಿಲ್ಲ.)

ನನಗೆ ಅದಕ್ಕಿಂತ ಹಿಡಿಸಿದ್ದು ಆಮೇಲಿನ ಕಥೆ. ಡೈಗೊ ಆಟವನ್ನು ಬಿಟ್ಟುಬಿಟ್ಟ. ಕೆಲವು ಕಾಲ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ ಮಾಡಿದ, ನನ್ನಂಥ ಮುದುಕರನ್ನು ಏಳಿಸಿ ಕೂರಿಸುವ ಕೆಲಸ. ಹೊಸ ಸ್ಟ್ರೀಟ್ ಫೈಟರ್ ಬಂದ ಮೇಲೆ ಮತ್ತೆ ಕಣಕ್ಕಿಳಿದು ಗೆದ್ದ.

ಪಕ್ಕದ ಪಾಕಿಸ್ತಾನದ ಕಥೆಯೂ ಇದೆ. ಲಾಹೋರಿನ ಅರ್ಸಲಾನ್ ಆ್ಯಶ್ ಎಂಬ ಹುಡುಗ 2019ರಲ್ಲಿ ಜಪಾನಿನ ಇವೊ, ಅಮೆರಿಕದ ಇವೊ ಎರಡನ್ನೂ ಟೆಕ್ಕನ್‌ನಲ್ಲಿ ಗೆದ್ದ. ಅದಕ್ಕೆ ಮೊದಲು ಅವನ ಹೆಸರು ಹೊರಗೆ ಅಷ್ಟಾಗಿ ಗೊತ್ತಿರಲಿಲ್ಲ. ‘ನಮ್ಮಲ್ಲಿ ನನ್ನಂಥವರು ಇನ್ನೂ ಇದ್ದಾರೆ’ ಎಂಬರ್ಥದ ಮಾತು ಹೇಳಿದ. ಕೊರಿಯಾದ ಹಳೆಯ ಹುಲಿ ‘ನೀ’ ಎಂಬ ಹೆಸರಿನ ಆಟಗಾರ ನಂಬದೆ ಪಾಕಿಸ್ತಾನಕ್ಕೇ ಹೋಗಿ ಆಡಿ ನೋಡಿದ, ಸೋತ, ಕಲಿತು ಬಂದ. ನಮ್ಮ ಕಡೆಯ ಪೈಲ್ವಾನರು ಕೊಲ್ಲಾಪುರದ ತಾಲೀಮಿಗೆ ಹೋಗಿ ಮಣ್ಣು ಹಚ್ಚಿಕೊಂಡು ಬರುತ್ತಿದ್ದ ಹಾಗೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಖಾಶಾಬಾ ಜಾಧವ ಕೂಡ ಆ ಕೊಲ್ಲಾಪುರದಲ್ಲೇ ಪಳಗಿದವರು. ಹೋಗಿಬರುವ ಖರ್ಚಿಗೆ ಅವರಿವರಲ್ಲಿ ಕೈಯೊಡ್ಡಿದವರು. ಇನ್ನೊಂದು ಸಂಗತಿ ಕೇಳಿ ನನಗೆ ನಗು ಬಂತು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, ಅಂದರೆ 2023ರಲ್ಲಿ, ಸ್ಟ್ರೀಟ್ ಫೈಟರ್‌ಗೂ ಪದಕವಿತ್ತು. ಚಿನ್ನ ಗೆದ್ದ ಕೊರಿಯಾದ ಕಿಮ್ ಗ್ವಾನ್-ವೂಗೆ ಆಗ 44 ವರ್ಷ. ಫೇಲಾದ ಹುಡುಗನ ಅಪ್ಪನ ವಯಸ್ಸು!

ತಾಯ್ತಂದೆಯರಿಗೆ ಒಂದು ಮಾತು. ದುಡ್ಡು ಕಟ್ಟಿ ಆಡುವ ಆಟ ಬೇರೆ, ಇದು ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಕಾನೂನು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಮಾನ್ಯತೆ ಕೊಟ್ಟಿದೆ. ಮೊಬೈಲ್ ಹಿಡಿದ ಮಗ ಯಾವುದನ್ನು ಆಡುತ್ತಿದ್ದಾನೆ ಎಂದು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿ. ನಾನು ಎಂಟು ದಿನ ಕೂರದಿದ್ದರೆ ನನಗೂ ಎಲ್ಲ ಒಂದೇ ಆಗಿರುತ್ತಿತ್ತು.

ಒಂಬತ್ತನೆಯ ದಿನ ಅಣ್ಣ ಪಡಸಾಲೆಯಿಂದ ಕೂಗಿದ: ‘ಅದೇನ ಗುಸುಗುಸು ನಡಸೀರಿ ಅಜ್ಜ ಮೊಮ್ಮಗ? ಇಲ್ಲಿ ತರ್ರಿ.’

ಪರದೆ, ಪೆಟ್ಟಿಗೆ ಎಲ್ಲ ಕೆಳಗಿಳಿಸಿದೆವು. ಹುಡುಗ ಆಡಿದ. ಅಣ್ಣನಿಗೆ ಕಣ್ಣು ಮಂಜು, ಪರದೆ ಕಾಣುವುದು ಅಷ್ಟಕ್ಕಷ್ಟೇ. ಅವನು ಹುಡುಗನ ಕುತ್ತಿಗೆ, ಬೆನ್ನು, ಮುಂಗೈ ನೋಡುತ್ತಿದ್ದ. ಅರ್ಧ ತಾಸಾದ ಮೇಲೆ ಕೇಳಿದ:

‘ಎಷ್ಟ ಹೊತ್ತಿಗೆ ಏಳ್ತಿ?’

‘ಹತ್ತಕ್ಕ, ದೊಡ್ಡಜ್ಜಾ.’

‘ಏನ ತಿಂತಿ?’

ಹುಡುಗ ಸುಮ್ಮನಾದ. ಕುರುಕಲು ಪೊಟ್ಟಣಗಳು ಮಂಚದ ಕೆಳಗೆ ಎಷ್ಟಿವೆ ಎಂಬುದು ನನಗೂ ಗೊತ್ತಿತ್ತು.

‘ಹೋಗ್ಲಿ. ನಿನ್ನ ವಸ್ತಾದ ಯಾರು?’

‘ಯಾರೂ ಇಲ್ಲ. ಆನ್‌ಲೈನ್‌ದಾಗ ಆಡ್ತೀನಿ. ಯಾರ ಸಿಗ್ತಾರೋ ಅವರ ಜೋಡಿ.’

‘ಮಾರಿ ನೋಡೀಯೇನು ಅವರದ್ದು?’

‘ಇಲ್ಲ.’

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಹೇಳಿದ: ‘ನನಗ ವಸ್ತಾದರು ಆ ದಿನ ಬ್ಯಾಡ ಅಂದಿದ್ರು. ಹೊಳ್ಳಿ ಹೊಳ್ಳಿ ಅಂದ್ರು. ಎರಡ ದಿನದ ಹಿಂದಷ್ಟ ಕಾಲ ಉಳುಕಿತ್ತು. ನಾ ಕೇಳ್ಲಿಲ್ಲ. ವಸ್ತಾದ ಇದ್ದ ನನಗ ಹಿಂಗಾತು. ನಿನಗ ಬ್ಯಾಡ ಅನ್ನವರ ಯಾರದಾರ?’

ಐವತ್ತು ವರ್ಷ ಒಂದೇ ಮನೆಯಲ್ಲಿ ಉಂಡ ನನಗೇ ಈ ಸಂಗತಿ ಗೊತ್ತಿರಲಿಲ್ಲ. ಆ ಕಾಲು ಕಟ್ಟಿದವನನ್ನೇ ನಾನು ಇಷ್ಟು ವರ್ಷ ಬೈದುಕೊಂಡಿದ್ದೆ.

ಅಂದು ರಾತ್ರಿ ಹುಡುಗ, ನಾನು ಕುಳಿತು ಲೆಕ್ಕ ಹಾಕಿದೆವು. ದಿನಕ್ಕೆ ಆರು ತಾಸು ಎಂದರೆ ವರ್ಷಕ್ಕೆ 2190 ತಾಸು. ಹದಿನೆಂಟು ವರ್ಷದವನ ಖಾತೆಯಲ್ಲಿ ಇದು ಸಣ್ಣ ಮೊತ್ತವಲ್ಲ. ಪೆಟ್ಟಿಗೆ ಒಗೆಯುವುದು ಬೇಡ, ರಾತ್ರಿ ಹತ್ತರ ಮೇಲೆ ಮುಟ್ಟುವುದೂ ಬೇಡ ಎಂದಾಯಿತು. ಬೆಳಿಗ್ಗೆ ಐದಕ್ಕೆ ಅಣ್ಣನೇ ಕೋಲಿನಿಂದ ಅಟ್ಟದ ಹಲಗೆ ಕುಟ್ಟಿ ಎಬ್ಬಿಸುವುದು. ಆರರಿಂದ ಎಂಟು ನನ್ನ ಹತ್ತಿರ ಲೆಕ್ಕಶಾಸ್ತ್ರ. ಅದಕ್ಕೆ ಬದಲಾಗಿ ಅವನು ಕೇಳಿದ್ದು ಒಂದೇ: ಬೆಂಗಳೂರಿನಲ್ಲಿ ಭಾನುವಾರ ಒಂದು ಸಣ್ಣ ಪಂದ್ಯವಿದೆ, ಎದುರು ಬದುರು ಕುಳಿತು ಆಡುವುದು, ಹೋಗಬೇಕು. ಮಗನಿಗೆ ಫೋನು ಮಾಡಿದೆ. ‘ಅಪ್ಪಾ, ನಿನಗ ಹೇಳಿದ್ದೇನು, ನೀ ಮಾಡೋದೇನು?’ ಎಂದು ಫೋನಿಟ್ಟ. ಇನ್ನೂ ಪೂರ್ತಿ ಮಾತು ಬಿಟ್ಟ ಹಾಗೇ ಇದ್ದಾನೆ.

ಹಾವೇರಿಯಿಂದ ರಾತ್ರಿ ರೈಲು ಹತ್ತಿದೆವು. ಬೆಂಗಳೂರಿನಲ್ಲಿ ಒಂದು ಮಹಡಿಯ ಹಾಲ್. ನಲವತ್ತು ಐವತ್ತು ಮಂದಿ, ಹೆಚ್ಚಿನವರು ತಮ್ಮ ತಮ್ಮ ಪೆಟ್ಟಿಗೆ ಬಗಲಲ್ಲಿ ಇಟ್ಟುಕೊಂಡೇ ಬಂದವರು. ಬಿಳಿ ಪಂಚೆ, ಟೋಪಿ ನನ್ನದೊಂದೇ. ಯಾರೋ ಕುರ್ಚಿ ಕೊಟ್ಟರು. ಎರಡು ಸಲ ಸೋತರೆ ಹೊರಗೆ ಎಂಬುದು ಇವರ ನಿಯಮ. ಒಂದು ಸೋಲಿಗೆ ಮಾಫಿ ಇದೆ. ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಅಷ್ಟೇ, ಮಾಫಿ ಇಲ್ಲ. ಹುಡುಗ ಮೊದಲನೆಯದನ್ನು ಸೋತ. ಎರಡನೆಯದನ್ನು ಗೆದ್ದ, ಆಗ ನಾನು ಕೂಗಿದ್ದಕ್ಕೆ ನಾಲ್ಕು ಜನ ತಿರುಗಿ ನೋಡಿದರು. ಮೂರನೆಯದರಲ್ಲಿ ಮೂವತ್ತರ ಆಸುಪಾಸಿನ ಗಡ್ಡದವನೊಬ್ಬ ಎರಡೂ ಸುತ್ತಿನಲ್ಲಿ ಅವನನ್ನು ಚಿತ್ ಮಾಡಿದ. ಮುಷ್ಟಿಗೆ ಮುಷ್ಟಿ ತಾಗಿಸಿ ಎದ್ದರು.

ಹುಡುಗನ ಕಣ್ಣು ತುಂಬಿತ್ತು. ಚೀಲ ಎತ್ತಿಕೊಂಡು ಹೊರಡೋಣ ಎಂದೆ. ಅಷ್ಟರಲ್ಲಿ ಆ ಗಡ್ಡದವನು ಬಂದು, ‘ತಮ್ಮಾ, ಐದು ನಿಮಿಷ ಕೂತ್ಕೊ’ ಎಂದು ಖಾಲಿ ಇದ್ದ ಇನ್ನೊಂದು ಯಂತ್ರದ ಮುಂದೆ ಕೂರಿಸಿದ. ‘ನೀನು ಗಾಬರಿಯಾದಾಗೆಲ್ಲ ಒಂದೇ ಏಟು ಹಾಕ್ತೀಯ. ನಂಗೆ ಗೊತ್ತಿತ್ತು’ ಎಂದು ತೋರಿಸತೊಡಗಿದ. ಐದು ನಿಮಿಷ ಮುಕ್ಕಾಲು ತಾಸಾಯಿತು. ತನ್ನ ಮುಂದಿನ ಪಂದ್ಯಕ್ಕೆ ಅವನನ್ನು ಎರಡು ಸಲ ಕೂಗಿ ಕರೆಯಬೇಕಾಯಿತು. ಮೊಮ್ಮಗ ನೋಟ್‌ಬುಕ್ ತೆಗೆದು ಬರೆದುಕೊಂಡ. ಫೋನ್ ನಂಬರು ಕೂಡ ಬರೆದುಕೊಂಡದ್ದನ್ನು ನಾನು ನೋಡಿದೆ.

ಸೋಮವಾರ ಮಧ್ಯಾಹ್ನ ಮನೆ ಮುಟ್ಟಿದಾಗ ಅಣ್ಣ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದ.

‘ಬಿದ್ದೇನು?’

‘ಬಿದ್ದೆ, ದೊಡ್ಡಜ್ಜಾ.’

‘ಯಾವ ಡಾವಿಗೆ ಬಿದ್ದಿ?’

ಹುಡುಗ ಚೀಲ ಕೆಳಗಿಟ್ಟು, ನೋಟ್‌ಬುಕ್ ತೆರೆದು, ನೆಲದ ಮೇಲೆ ಅಣ್ಣನ ಎಡಗಾಲಿನ ಪಕ್ಕ ಕುಳಿತು ಹೇಳತೊಡಗಿದ. ಅಣ್ಣನಿಗೆ ಎಷ್ಟು ತಿಳಿಯಿತೋ, ತಲೆ ಹಾಕುತ್ತಲೇ ಇದ್ದ. ನಾನು ಒಳಗೆ ಹೋಗಿ ಅಂತಿಮ ಲೆಕ್ಕಪತ್ರಗಳ ಪಾಠದ ಪುಟಕ್ಕೆ ಗುರುತಿಟ್ಟು ಬಂದೆ. ಪರೀಕ್ಷೆ-2ಕ್ಕೆ ಇನ್ನು ಒಂಬತ್ತು ದಿನ. ಫಲಿತಾಂಶ ಬಂದ ವಾರ ಇದೇ ಪುಟದಲ್ಲಿ ತಿಳಿಸುತ್ತೇನೆ, ಏನೇ ಆಗಲಿ.